ಏಳು ಚುಕ್ಕಿಯ ಎಳೆ

ಆ ಏಕಾದಶಿಯ ಮುಂಜಾನೆ ದಿಲ್‌ಸುಖ್‌ನಗರದ ಮೇಲೆ ತೆಳ್ಳಗೆ ಮಂಜು ಕೂತಿತ್ತು. ಮೆಟ್ರೊ ಕಾಣುತ್ತಿರಲಿಲ್ಲ, ಹೋದ ಸದ್ದಷ್ಟೇ ಕೇಳುತ್ತಿತ್ತು. ಶುಭಾ ಬಾಗಿಲ ಮುಂದೆ ಕೂತು ಹಾಕಿದ ರಂಗೋಲಿಯನ್ನು ಅಂಗೈಯಿಂದ ಅಳಿಸಿದಳು.

ಅಮ್ಮ ತೀರಿಕೊಂಡ ವರ್ಷವಿಡೀ ಆ ಬಾಗಿಲಿಗೆ ರಂಗೋಲಿ ಬಿದ್ದಿರಲಿಲ್ಲ. ಮನೆಯಲ್ಲಿ ನಡೆಯುತ್ತಿದ್ದ ಏಕಾದಶಿ ಭಜನೆ, ಅದರ ಜೊತೆ ಅಮ್ಮನ ಹಿತ್ತಾಳೆ ತಾಳ, ಎರಡೂ ಎದುರುಮನೆಯ ಗಂಗೂಬಾಯಿಯವರಲ್ಲಿಗೆ ಹೋಗಿದ್ದವು. ಮೊನ್ನೆ ವರ್ಷದ ತಿಥಿ ಮುಗಿಯಿತು. ಭಜನೆಯನ್ನು ಮತ್ತೆ ಮನೆಗೆ ಕರೆಯೋಣವೇ ಎಂದು ಶುಭಾ ಕೇಳಿದಾಗ, ಗಣಿತ ಕಲಿಸಿ ನಿವೃತ್ತರಾದ ಅಪ್ಪ ಜಯತೀರ್ಥರು ಪೇಪರಿನಿಂದ ಕಣ್ಣೆತ್ತಲಿಲ್ಲ. "ಆಕಿ ಎಳಿ ಬಾಗಲಿಗೆ ಬಂದ್ರ ಕರಿ. ಇಲ್ಲಂದ್ರ ಅಲ್ಲೇ ನಡೀಲಿ ಬಿಡು" ಅಂದಿದ್ದರು.

ಆ ಎಳೆಯ ರಂಗೋಲಿಯನ್ನು ಅಮ್ಮ ಪಕ್ಕದ ತೆಲುಗಿನವರಿಂದ ಕಲಿತಿದ್ದಳು. ಒಂದೇ ಗೆರೆ ಎಲ್ಲ ಚುಕ್ಕಿಗಳನ್ನೂ ಬಳಸಿ, ಹೊರಟಲ್ಲಿಗೇ ಬಂದು ಕೂಡಬೇಕು. ನಾಲ್ಕು ಸಾಲೆಂದು ಶುಭಾಳಿಗೆ ನೆನಪಿತ್ತು. ಸಾಲಿಗೆ ಆರರಂತೆ ಮತ್ತೆ ಇಟ್ಟಳು. ಗೆರೆ ಈ ಸಲವೂ ಬೇಗನೇ ಬಂದು ಮುಚ್ಚಿಕೊಂಡಿತು. ಉಳಿದದ್ದಕ್ಕೆ ಇನ್ನೊಂದು ಗೆರೆ ಬೇಕಾಯಿತು.

"ಏನವಾ, ಒಂದು ಮನ್ಯಾಗ ಎರಡು ಒಲಿ ಹಚ್ಚೀದಿ?" ತುಳಸಿ ಹಿಡಿದು ಬಂದ ಗಂಗೂಬಾಯಿ ನಕ್ಕರು.

"ಅಮ್ಮ ಎಷ್ಟು ಚುಕ್ಕಿ ಇಡ್ತಿದ್ದಳು ಮಾವಶಿ?"

"ನಂಗೇನು ಗೊತ್ತು. ನಾ ಹಾಲಿನ ಪಾಕೀಟು ಹಿಡಕೊಂಡು ಹರಟಿ ಹೊಡಿತಿದ್ದೆ. ಆದ್ರ ಆಕಿ ಬಾಯಿ ಮುಚ್ಚಿ ಒಂದಿನಾನೂ ಚುಕ್ಕಿ ಇಟ್ಟಾಕಿ ಅಲ್ಲ. ನೀ ಮೂಗಿ ಹಂಗ ಕೂತೀದಿ. ಹಾಡು."

ಶುಭಾ ಅಳಿಸಿ, ಅಮ್ಮನ ವಿಠ್ಠಲನ ಪದವನ್ನು ಸಣ್ಣದನಿಯಲ್ಲಿ ಹಿಡಿದಳು. ಗಂಗೂಬಾಯಿ ಚಪ್ಪಾಳೆ ತಟ್ಟಿದರು: ತಕಿಟ, ತಕಧಿಮಿ. ಪೆಟ್ಟಿಗೊಂದು ಚುಕ್ಕಿ ಬಿತ್ತು. ಆರು ಮುಗಿದವು, ತಾಳದ ಸುತ್ತು ಮುಗಿಯಲಿಲ್ಲ. ಬೆರಳು ಗಾಳಿಯಲ್ಲೇ ನಿಂತಿತು.

ಒಳಗೆ ಪೇಪರಿನ ಸದ್ದು ನಿಂತಿತು.

"ಏಳು" ಎನ್ನುತ್ತ ಜಯತೀರ್ಥರು ಹೊಸ್ತಿಲಿಗೆ ಬಂದರು. "ಇನ್ನೊಂದು ಇಡು ಮಗಳ. ಆರು, ನಾಲ್ಕು ಎರಡೂ ಎರಡರಿಂದ ಭಾಗ ಹೋಗ್ತಾವ. ಅದಕ್ಕ ಎಳಿ ಎರಡಾತು. ಏಳಕ್ಕೂ ನಾಲ್ಕಕ್ಕೂ ಒಂದೇ ಹೋಗೋದು. ಎಳೀನೂ ಒಂದೇ ಬರ್ತದ." ತುಸು ತಡೆದು, "ದಿನಾ ಇದನ್ನ ದಾಟೇ ಕಾಲೇಜಿಗೆ ಹೋಗ್ತಿದ್ದೆ" ಅಂದರು.

"ಆಕಿಗೆ ಈ ಭಾಗಾಕಾರ ಗೊತ್ತಿತ್ತೇನ್ರಿ?" ಗಂಗೂಬಾಯಿ ಕೇಳಿದರು.

"ಆಕಿಗೆ ವಿಠ್ಠಲ ಗೊತ್ತಿದ್ದ."

ಶುಭಾ ನಾಲ್ಕು ಸಾಲಿಗೂ ಏಳೇಳು ಚುಕ್ಕಿ ಇಟ್ಟು ಗೆರೆ ಎಳೆದಳು. ಅಂಚಿಗೆ ಹೋಗಿ, ತಿರುಗಿ, ತನ್ನನ್ನೇ ದಾಟಿ, ಮತ್ತೆ ಅಂಚಿಗೆ. ಹಾಡು ನಿಲ್ಲಲಿಲ್ಲ, ಹಿಟ್ಟು ಸುರಿಯುತ್ತಲೇ ಇತ್ತು. ಎಳೆ ಮೊದಲ ಚುಕ್ಕಿಯ ಬಳಿಗೆ ಬಂದು ಸದ್ದಿಲ್ಲದೆ ಕೂಡಿಕೊಂಡಿತು. ಜಯತೀರ್ಥರ ಬೆರಳು ಬಾಗಿಲ ಚೌಕಟ್ಟಿನ ಮೇಲೆ ಇನ್ನೂ ತಟ್ಟುತ್ತಿತ್ತು.

"ಸಂಜೀಗೆ ಎಲ್ಲಾರಿಗೂ ಇಲ್ಲೇ ಬರಲಿಕ್ಕೆ ಹೇಳ್ರಿ" ಅಂದರು.

ಗಂಗೂಬಾಯಿ ಮನೆಗೆ ಹೋದರು. ಮಂಜು ಕರಗುವ ಹೊತ್ತಿಗೆ ಸೆರಗಿನಲ್ಲಿ ಏನನ್ನೋ ಸುತ್ತಿಕೊಂಡು ಮರಳಿದರು. ರಂಗೋಲಿಯನ್ನು ತುಳಿಯದೆ ಅಂಚಿನಲ್ಲಿ ನಿಂತು, ಕೈಚಾಚಿ, ಹಿತ್ತಾಳೆಯ ಆ ಎರಡು ತಾಳಗಳನ್ನು ಜಯತೀರ್ಥರ ಅಂಗೈಯಲ್ಲಿಟ್ಟರು. ದಾರ ಹೊಸದಾಗಿತ್ತು.