ಎರಡು ಆಟೋ, ಒಂದೇ ದನಿ

"ಹೋದ ವಾರ ಕುದಿಸಬ್ಯಾಡ್ರಿ ಅಂದಿ, ಇವತ್ತ ಕುದಿಸ್ರಿ ಅಂತಿ. ನಿನ್ನ ಯಾವ ಮಾತು ನಂಬಬೇಕೋ ಹೈದರಣ್ಣ?"

ಸಿರುಗುಪ್ಪದ ಓಣಿಯೊಂದರಲ್ಲಿ ಪಾರಮ್ಮ ಕೊಡ ಕಂಕುಳಲ್ಲಿಟ್ಟುಕೊಂಡು ಆಟೋಗೆ ಅಡ್ಡ ನಿಂತು ಹೀಗೆ ಕೇಳಿದಾಗ, ಹೈದರಸಾಬನಿಗೆ ತಲೆಬುಡ ಅರ್ಥವಾಗಲಿಲ್ಲ. ಬೆಳಿಗ್ಗೆಯಿಂದ ಅವನು ಆಟೋದ ಮೈಕಿನಲ್ಲಿ ಸಾರುತ್ತಿದ್ದುದು ನೀರು ಬಿಡುವವರು ಹೇಳಿ ಕಳಿಸಿದ ಒಂದೇ ಸುದ್ದಿ. ಇಟ್ಟಿಗೆ ಲಾರಿಯೊಂದು ಹಿಂದಕ್ಕೆ ಸರಿಯಲು ಹೋಗಿ ದೊಡ್ಡ ಪೈಪು ಒಡೆದಿದೆ, ನಳದ ನೀರಿಗೆ ಚರಂಡಿ ನೀರು ಸೇರಿದೆ, ರಿಪೇರಿ ಮುಗಿಯುವ ತನಕ ಎಲ್ಲರೂ ನೀರನ್ನು ಚೆನ್ನಾಗಿ ಕುದಿಸಿ ಆರಿಸಿಯೇ ಕುಡಿಯಬೇಕು. ಇದರಲ್ಲಿ ಜಗಳಕ್ಕೆ ಬರುವಂಥದ್ದೇನಿದೆ?

"ನಾನ್ಯಾವಾಗ ಕುದಿಸಬ್ಯಾಡ್ರಿ ಅಂದೀನಿ ಪಾರಕ್ಕ?"

"ಇದೇ ಓಣ್ಯಾಗ ಅಂದಿ. ‘ಸ್ಫಟಿಕಧಾರೆ ಮಷೀನು ಇರುವ ಮನೆಯಲ್ಲಿ ನೀರು ಕುದಿಸುವ ಚಿಂತೆಯೇ ಇಲ್ಲ ತಾಯಂದಿರೇ’ ಅಂತ. ನಿನ್ನ ದನಿ ನನಗ ಗೊತ್ತಾಗಂಗಿಲ್ಲೇನು? ನೀನು ಹೇಳಿದಿ ಅಂತ ನೀರು ಸೋಸೋ ಆ ಮಷೀನು ತಗೊಂಡೆ. ಮುಂಜಾನಿಂದ ನಮ್ಮ ಪೂಜಿತಾ ಅದರ ನೀರೇ ಕುಡಿಯಾಕ ಹತ್ಯಾಳ."

ಪೂಜಿತಾ ಅವಳ ಮೊಮ್ಮಗಳು, ಇನ್ನೂ ಹಾಲುಹಲ್ಲು ಬೀಳದ ಕೂಸು. ಹೈದರಸಾಬ ಆಟೋ ಬಿಟ್ಟು ಒಳಗೆ ಹೋಗಿ ನೋಡಿದ. ಗೋಡೆಗೆ ನೇತುಹಾಕಿದ ಬಿಳಿ ಡಬ್ಬಿ, ಅದರ ಎದೆಯ ಮೇಲೆ ಪಳಪಳ ಹೊಳೆಯುವ ಒಂದು ನೀಲಿ ಲೈಟು. ಮುಚ್ಚಳ ತೆಗೆದರೆ ಒಳಗಿದ್ದುದು ಒಂದಿಷ್ಟು ಹತ್ತಿ, ಒಂದಿಷ್ಟು ಮರಳು. ಇಷ್ಟರ ಮೇಲೆ ಚರಂಡಿ ನೀರು ಸುರಿದು ಕೂಸಿಗೆ ಕುಡಿಸಬಹುದೆಂದು ತನ್ನ ದನಿಯೇ ಹೇಳಿತಂತೆ!

"ನಿನ್ನ ಕೈ ಮುಗೀತೀನಿ ಪಾರಕ್ಕ, ಒಲಿ ಮ್ಯಾಲ ನೀರಿಡು. ಅವತ್ತ ಮಾತಾಡಿದ್ದು ನಾನಲ್ಲ."

"ಇಡ್ತೀನಿ. ಆದ್ರ ನಿನ್ನ ಮಾತಿಗಲ್ಲ, ಕೂಸಿನ ಸಲುವಾಗಿ," ಎಂದಳು ಪಾರಮ್ಮ. ಆಚೆಮನೆಯವರು ಅಷ್ಟನ್ನೂ ಮಾಡಲಿಲ್ಲ. ನೀಲಿ ಲೈಟು ಉರಿಯುತ್ತಿದೆಯಲ್ಲ, ಮತ್ತೇಕೆ ಗ್ಯಾಸು ಸುಡಬೇಕು ಎಂದು ಒಳಗೆ ಹೋದರು.

ಹೈದರಸಾಬನ ಆಸ್ತಿಯೆಂದರೆ ಈ ದನಿಯೊಂದೇ. ಆಟೋ ಹಳೆಯದು, ಮೇಲಿನ ಹಾರ್ನುಗಳಿಗೆ ತುಕ್ಕು ಹಿಡಿದಿದೆ, ಮೈಕು ಆಗಾಗ ಕೆಮ್ಮುತ್ತದೆ. ದನಿ ಮಾತ್ರ ಮೀಸೆ ಚಿಗುರಿದಾಗ ಹೇಗಿತ್ತೋ ಈಗಲೂ ಹಾಗೇ ಇದೆ. ನೀರು ಬಿಡುವ ಹೊತ್ತು, ಕರೆಂಟು ಹೋಗುವ ಹೊತ್ತು, ಕಳೆದುಹೋದ ಎಮ್ಮೆ, ಪೋಲಿಯೋ ಹನಿ, ಸತ್ತವರ ಸುದ್ದಿ, ಎಲ್ಲವನ್ನೂ ಅದೇ ದನಿ ಹೊತ್ತು ತರುತ್ತದೆ. ಸೀರೆ ಅಂಗಡಿಯ ಸೇಲನ್ನೂ ಅವನು ಸಾರಿದ್ದುಂಟು. ಅಂಗಡಿ ಎಲ್ಲಿದೆ, ಎಂದು ತೆರೆಯುತ್ತದೆ ಅಷ್ಟು ಹೇಳಿ ಮುಂದೆ ಹೋಗುತ್ತಿದ್ದ. ಸೀರೆಯ ಬಣ್ಣ ಹೋಗುವುದಿಲ್ಲವೆಂದು ಆಣೆ ಮಾಡುತ್ತಿರಲಿಲ್ಲ. ಸಿರುಗುಪ್ಪದಲ್ಲಿ ಅವನ ಮುಖ ಕಂಡವರಿದ್ದಾರೆ. ಆಗೊಮ್ಮೆ ಈಗೊಮ್ಮೆ ಸಾರಿ ಹೋಗುವ ಕುರುಗೋಡಿನಂಥ ಊರಿನವರಿಗೆ ಮುಖ ಗೊತ್ತಿಲ್ಲ, ಒಲೆಯ ಮುಂದೆ ಕೂತೇ ಕಿವಿಯಿಂದ ಅವನನ್ನು ಬಲ್ಲರು. ಆ ದನಿ ಹೇಳಿದ ಮೇಲೆ ಯಾರೂ ಹೊರಬಂದು ಎರಡನೇ ಸಲ ಕೇಳುತ್ತಿರಲಿಲ್ಲ.

ಓಣಿ ದಾಟುವಷ್ಟರಲ್ಲಿ ಅವನಿಗೆ ಹುಲಿಗೇಶನ ನೆನಪಾಯಿತು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ಪಾತ್ರೆ ಅಂಗಡಿಗಳ ಮೇಲಿನ ಮಹಡಿಯಲ್ಲಿ ಆಫೀಸು ಇಟ್ಟುಕೊಂಡಿದ್ದ ಹುಡುಗ. ಹೋದ ತಿಂಗಳು ‘ಚಾಚಾ, ಚಾಚಾ’ ಎಂದು ಬೆಣ್ಣೆ ಹಚ್ಚಿ ಕರೆಸಿಕೊಂಡು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಿಸಿ, ಒಂದಕ್ಕೊಂದು ಸಂಬಂಧವಿಲ್ಲದ ವಾಕ್ಯಗಳನ್ನು ಅರ್ಧ ದಿನ ಓದಿಸಿದ್ದ. ನಗುತ್ತ ಓದಿ, ಗಾಬರಿಯಲ್ಲಿ ಓದಿ, ಮನೆಯ ಹಿರಿಯನ ಹಾಗೆ ಓದಿ ಎಂದಿದ್ದ. ಸ್ಯಾಂಪಲ್ಲು ಅಷ್ಟೇ, ಕೆಲಸ ಬಂದರೆ ಕರೆಯುತ್ತೇವೆ ಎಂದು ಊಟ ಹಾಕಿಸಿ, ಕೈಗಿಷ್ಟು ಕೊಟ್ಟು ಕಳಿಸಿದ್ದ. ಕರೆಯಲೇ ಇಲ್ಲ. ಈಗ ನೋಡಿದರೆ ಕರೆಯುವ ಅಗತ್ಯವೇ ಬಿದ್ದಿರಲಿಲ್ಲ.

ಹೈದರಸಾಬ ಆಟೋವನ್ನು ಬಳ್ಳಾರಿಯ ದಾರಿಗೆ ಹಾಕಿದ.

ಹುಲಿಗೇಶ ಎದ್ದು ನಿಂತು, ಎರಡೂ ಕೈ ಹಿಡಿದು ಬರಮಾಡಿಕೊಂಡ. ಇಂಥವರಿಗೆ ಮರ್ಯಾದೆಗೇನೂ ಬರವಿಲ್ಲ. ಕೋಣೆಯ ತುಂಬ ಸ್ಫಟಿಕಧಾರೆಯ ಪೆಟ್ಟಿಗೆಗಳು. ಮೇಜಿನ ಮೇಲೆ ಎರಡು ಗ್ಲಾಸು ನೀರು, ಪಕ್ಕದಲ್ಲಿ ವೈರು ಕಟ್ಟಿದ ಕಬ್ಬಿಣದ ಕಡ್ಡಿಗಳು.

"ನನ್ನ ಬಾಯಾಗ ನಾನು ಹೇಳದ ಮಾತು ಯಾಕ ತುಂಬಿದಿ?" ಎಂದ ಹೈದರಸಾಬ, ಕೂರದೆ.

ಹುಲಿಗೇಶ ನಕ್ಕು ಕಂಪ್ಯೂಟರಿನಲ್ಲಿ ಏನೋ ಟೈಪು ಮಾಡಿ ಗುಂಡಿ ಒತ್ತಿದ. ಮೂಲೆಯ ಸ್ಪೀಕರಿನಿಂದ ಹೈದರಸಾಬನ ದನಿಯೇ ಬಂತು: "ಹೈದರ್ ಚಾಚಾ, ಸಿಟ್ಟು ಬಿಡಿ, ಕೂತುಕೊಂಡು ಚಹಾ ಕುಡಿಯಿರಿ."

ತನ್ನ ದನಿ ತನಗೇ ಬುದ್ಧಿ ಹೇಳಿದ್ದನ್ನು ಕೇಳಿ ಹೈದರಸಾಬ ಸ್ಪೀಕರಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಅವನಿಗೆ ಭಯವಾಯಿತು, ನಿಜವಾದ ಭಯ. ನಾಳೆ ಈ ಪೆಟ್ಟಿಗೆ ಯಾರು ಸತ್ತರೆಂದೂ ಸಾರೀತು, ಯಾರ ಮನೆಗೆ ಬೆಂಕಿ ಬಿತ್ತೆಂದೂ ಸಾರೀತು. ಜನ ನಂಬುತ್ತಾರೆ. ಇಲ್ಲವೇ ಎರಡು ಸಲ ಮೋಸಹೋಗಿ, ಮೂರನೇ ಸಲ ನಿಜ ಹೇಳಿದರೂ ನಂಬುವುದಿಲ್ಲ.

"ಹಳೇ ಕಾಲದೋರು ನೀವು," ಎಂದ ಹುಲಿಗೇಶ. "ಅವತ್ತ ನೀವು ಓದಿದ್ದು ಕೇಳಿ ಕಂಪ್ಯೂಟರು ನಿಮ್ಮ ದನಿ ಕಲತೈತಿ, ನಾವು ಬರದದ್ದನ್ನೆಲ್ಲ ಹೇಳ್ತೈತಿ. ನಾವೇನು ಯಾರದಾರ ಕುತ್ತಿಗಿಗೆ ಚಾಕು ಹಿಡದೀವೇನ್ರಿ? ಓಪನ್ ಮಾರ್ಕೆಟ್ ಇದು. ಬೇಕಾದೋರು ತಗೋತಾರ, ಬ್ಯಾಡಾದೋರು ಬಿಡ್ತಾರ. ಸೇಲ್ಸ್ ಅಂದ್ರ ಮೊದಲು ಹೆದರಿಸಬೇಕು, ಆಮ್ಯಾಲ ಧೈರ್ಯ ತುಂಬಬೇಕು. ಹೆದರಿಸಾಕ ಈ ಕಡ್ಡಿ ಅದಾವು. ನಳದ ನೀರಿಗೆ ಇಳಿಬಿಟ್ಟು ಕರೆಂಟ್ ಕೊಟ್ರ ಕಬ್ಬಿಣ ತುಕ್ಕು ಬಿಟ್ಟು ಚಲೋ ನೀರೂ ಕೆಂಪಗ ರಾಡಿ ಆಗ್ತೈತಿ. ಧೈರ್ಯ ತುಂಬಾಕ ನಿಮ್ಮ ದನಿ ಐತಿ."

"ಸಿರುಗುಪ್ಪದಾಗ ಕೂಸುಗಳು ಚರಂಡಿ ನೀರು ಕುಡಿಯಾಕ ಹತ್ಯಾವು, ನಾನು ಧೈರ್ಯ ತುಂಬೀನಂತ!"

"ಪೈಪು ಒಡದಿದ್ದು ನಾವಲ್ಲಲ್ರಿ. ಚಾಚಾ, ನಿಮಗೂ ಒಂದು ಪಾಲು ಕೊಡೂಣಂತ. ಇವತ್ತ ಕುರುಗೋಡು, ನಾಳಿ ಕುಡತಿನಿ. ನೀವು ಮನ್ಯಾಗ ಆರಾಮ ಕುಂದರ್ರಿ, ನಿಮ್ಮ ದನಿ ದುಡೀತೈತಿ."

ಹೈದರಸಾಬ ಅವನ ಚಹಾ ಮುಟ್ಟಲಿಲ್ಲ. ಮೆಟ್ಟಿಲಿಳಿದು ಬಂದವನು ಆಟೋದ ಹಾರ್ನುಗಳ ವೈರನ್ನು ಎಳೆದು ಬಿಗಿಮಾಡಿದ. ಕುರುಗೋಡು ಇವತ್ತೇ ಅಂದನಲ್ಲ, ಇವತ್ತೇ ಆಗಲಿ ಎಂದುಕೊಂಡ.

ಕುರುಗೋಡಿನ ಬಜಾರಿಗೆ ತಿರುಗುವ ಮೊದಲೇ ಅವನ ದನಿ ಅವನ ಕಿವಿಗೆ ಬಿತ್ತು. "ತಾಯಂದಿರೇ, ನಿಮ್ಮ ಮಕ್ಕಳು ಕುಡಿಯುವ ನೀರಿನ ಬಣ್ಣ ನೋಡಿದಿರಾ? ಸ್ಫಟಿಕಧಾರೆ ತನ್ನಿರಿ, ಚಿಂತೆ ಬಿಡಿರಿ! ಅರ್ಧ ಬೆಲೆ, ಇಂದೇ ಕೊನೆಯ ದಿನ!" ಎಂಥ ಮಮತೆ ಆ ದನಿಯಲ್ಲಿ! ಹೈದರಸಾಬನಿಗೇ ಒಂದು ಗಳಿಗೆ ನಂಬುವ ಹಾಗಾಯಿತು. ಹೊಸ ಆಟೋದೊಳಗೆ ಅಂಜಿನಿ ಎಂಬ ಬಾಡಿಗೆ ಡ್ರೈವರು ಪೆನ್‌ಡ್ರೈವ್ ಹಾಕಿ, ಶೇಂಗಾ ತಿನ್ನುತ್ತ ಕೂತಿದ್ದ. ಪಕ್ಕದ ಪೆಂಡಾಲಿನಲ್ಲಿ ಮೌನಿಕಾ ಎಂಬ ಕಂಪನಿಯ ಹುಡುಗಿ ಗ್ಲಾಸಿಗೆ ಕಡ್ಡಿ ಇಳಿಬಿಟ್ಟು ನೀರನ್ನು ಕೆಂಪು ಮಾಡಿ ತೋರಿಸುತ್ತಿದ್ದಳು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ‘ಇಸ್ಸಿ, ಇಷ್ಟು ದಿನ ಇದನ್ನ ಕುಡದೀವಾ’ ಎನ್ನುತ್ತಿದ್ದರು.

ಹೈದರಸಾಬ ಆ ಆಟೋದ ಎದುರಿಗೇ ತನ್ನ ಆಟೋ ನಿಲ್ಲಿಸಿ ಮೈಕು ಹಿಡಿದ.

"ಕುರುಗೋಡಿನ ತಾಯಂದಿರೇ, ಅಣ್ಣ ತಮ್ಮಂದಿರೇ! ನಾನು ಸಿರುಗುಪ್ಪದ ಹೈದರಸಾಬ. ಆ ಆಟೋದಾಗ ಮಾತಾಡೋದು ನಾನಲ್ಲ. ಅದು ನನ್ನ ದನಿ ಕದ್ದ ಪೆಟ್ಟಿಗಿ. ಅದರ ಮಾತು ನಂಬಿ ಮಷೀನು ತಗೋಬ್ಯಾಡ್ರಿ!"

ಬಜಾರೆಲ್ಲ ಒಮ್ಮೆಗೇ ತಿರುಗಿ ನೋಡಿತು. ಆಮೇಲೆ ನಗು ಶುರುವಾಯಿತು. ಒಂದೇ ದನಿ ಈ ಕಡೆಯಿಂದ ತಗೊಳ್ಳಿ ಅನ್ನುತ್ತದೆ, ಆ ಕಡೆಯಿಂದ ಬೇಡ ಅನ್ನುತ್ತದೆ. ಪಾನ್ ಅಂಗಡಿಯವನು ಇದು ಜಾಹೀರಾತಿನ ಹೊಸ ನಮೂನೆಯೆಂದು ಚಪ್ಪಾಳೆ ತಟ್ಟಿದ.

ಮೌನಿಕಾ ಚುರುಕಿನ ಹುಡುಗಿ. ಪೆಂಡಾಲಿನಿಂದಲೇ ಕೂಗಿದಳು: "ಅಕ್ಕಾರೇ, ಮೋಸ ಹೋಗಬ್ಯಾಡ್ರಿ! ಅವನು ಬ್ಯಾರೆ ಕಂಪನಿಯವ. ನಮ್ಮ ಹೈದರಸಾಬರ ದನಿ ನಕಲು ಮಾಡಾಕ ಬಂದಾನ!"

ಇದನ್ನು ಮಾತ್ರ ಹೈದರಸಾಬ ಕನಸಿನಲ್ಲೂ ಎಣಿಸಿರಲಿಲ್ಲ. ತಾನು ತಾನೇ ಎಂದು ಹೇಳಿಕೊಳ್ಳಲು ಅವನ ಹತ್ತಿರ ಇದ್ದುದು ದನಿಯೊಂದೇ. ಅದೇ ದನಿ ಎದುರಿಗೆ ಇನ್ನೂ ಜೋರಾಗಿ, ಇನ್ನೂ ಸಿಹಿಯಾಗಿ ಕೂಗುತ್ತಿತ್ತು. ಇಲ್ಲಿ ಅವನ ಮುಖ ಕಂಡವರು ಒಬ್ಬರೂ ಇರಲಿಲ್ಲ. ಹೆಂಗಸರು ಮತ್ತೆ ಪೆಂಡಾಲಿನ ಕಡೆ ತಿರುಗಿದರು. ಅವನಿಗೆ ಅಳು ಬಂದಂತಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಆಗ ಮಷೀನಿನ ಪೆಟ್ಟಿಗೆಯನ್ನು ಆಗಲೇ ಸೊಂಟಕ್ಕೇರಿಸಿಕೊಂಡಿದ್ದ ಒಬ್ಬ ಮುದುಕಿ ನಡುಬೀದಿಗೆ ಬಂದಳು. ವಿರೂಪಮ್ಮ ಎಂದು ಹೆಸರು. ಬಜಾರಿನಲ್ಲಿ ಸೊಪ್ಪು ಮಾರುವವಳು, ಯಾರ ಮಾತಿಗೂ ಸುಮ್ಮನೆ ತಲೆಯಾಡಿಸುವ ಜಾತಿಯಲ್ಲ.

"ಸಾಕು ಮಾಡ್ರಿ ನಿಮ್ಮ ಕೂಗಾಟ," ಎಂದಳು. "ಎರಡರಾಗ ಖರೇ ಹೈದರಸಾಬ ಯಾವನು ಅಂತ ನಾನೇ ಕೇಳ್ತೀನಿ."

ಮೊದಲು ಹೊಸ ಆಟೋದ ಹಾರ್ನಿನ ಕೆಳಗೆ ಹೋಗಿ ನಿಂತು ಕತ್ತೆತ್ತಿದಳು. "ಏ ಹೈದರಾ, ನನ್ನ ಹೆಸರು ಹೇಳಪಾ?"

"ತಾಯಂದಿರೇ, ನಿಮ್ಮ ಮಕ್ಕಳು ಕುಡಿಯುವ ನೀರಿನ ಬಣ್ಣ ನೋಡಿದಿರಾ?" ಎಂದಿತು ಹಾರ್ನು.

"ನನ್ನ ಹೆಸರು ಕೇಳಾಕತ್ತೀನಿ!"

"ಅರ್ಧ ಬೆಲೆ, ಇಂದೇ ಕೊನೆಯ ದಿನ!"

ಬಜಾರಿನಲ್ಲಿ ನಗೆಯೋ ನಗೆ. ಅಂಜಿನಿ ಶೇಂಗಾ ಬಿಟ್ಟು ಗುಂಡಿಗಳನ್ನು ತಡಕಾಡಿ ದನಿ ನಿಲ್ಲಿಸಿದ. ವಿರೂಪಮ್ಮ ನಗಲಿಲ್ಲ. ಹಳೆಯ ಆಟೋದ ಕಡೆ ಬಂದು ಅದೇ ಪ್ರಶ್ನೆ ಕೇಳಿದಳು.

ಹೈದರಸಾಬ ಮೈಕನ್ನು ಬಾಯಿಗಿಟ್ಟುಕೊಂಡ. ಏನಾದರೊಂದು ಹೆಸರು ಹೇಳಿ ಗೆದ್ದುಬಿಡೋಣ ಎಂಬ ಆಸೆ ಬರದೆ ಇರಲಿಲ್ಲ. ಆ ಕಡೆಯ ಹೆಂಗಸರಲ್ಲಿ ಯಾರೋ ‘ವಿರೂಪಮ್ಮ’ ಎಂದು ಪಿಸುಗುಟ್ಟಿದ್ದು ಅವನ ಕಿವಿಗೂ ಬಿದ್ದಿತ್ತು.

"ನನಗ ಗೊತ್ತಿಲ್ಲವ್ವ," ಎಂದ. "ನಿನ್ನ ಇವತ್ತೇ ಮೊದಲ ಸಲ ನೋಡಾಕತ್ತೀನಿ. ಯಾರೋ ಈಗ ಹೆಸರು ಹೇಳಿದ್ದು ಕೇಳಿಸ್ತು. ಅದನ್ನ ಹೇಳಿ ನಾನು ದೊಡ್ಡವ ಆಗಂಗಿಲ್ಲ."

ಇಷ್ಟು ವರ್ಷ ಮೈಕು ಹಿಡಿದವನು ಅದರೊಳಗೆ ‘ಗೊತ್ತಿಲ್ಲ’ ಎಂದದ್ದು ಅದೇ ಮೊದಲು.

"ನಮ್ಮೂರ ನೀರು ಚಲೋ ಐತೋ ಕೆಟ್ಟೈತೋ?" ವಿರೂಪಮ್ಮ ಬಿಡಲಿಲ್ಲ.

"ಅದೂ ಗೊತ್ತಿಲ್ಲವ್ವ. ಅದನ್ನ ತಪಾಸಣೆ ಮಾಡೋರು ಬ್ಯಾರೆ ಅದಾರ, ಅವರಿಗೆ ಕೇಳ್ರಿ. ಮಷೀನು ಮಾರೋರು ನೀರು ತಪಾಸಣೆ ಮಾಡಿದ್ರ ಕೆಟ್ಟೈತಿ ಅಂತನ ಅಂತಾರ. ನನಗ ಗೊತ್ತಿರೋದು ಇಷ್ಟ. ಸಿರುಗುಪ್ಪದಾಗ ಈ ಮಷೀನು ಬಿಚ್ಚಿ ನೋಡೀನಿ. ಒಳಗ ಹತ್ತಿ, ಮರಳು, ಹೊರಗ ಒಂದು ಲೈಟು. ಅದನ್ನ ನಂಬಿ ಜನ ಚರಂಡಿ ನೀರು ಕುಡಿಯಾಕ ಹತ್ಯಾರ. ಮಷೀನು ತಂದದ್ದು ನನ್ನ ದನಿ ಕೇಳಿ. ಆ ಪಾಪ ನನಗ ಬ್ಯಾಡ."

ವಿರೂಪಮ್ಮ ಸೊಂಟದ ಪೆಟ್ಟಿಗೆಯನ್ನು ನೆಲಕ್ಕಿಳಿಸಿ, ಸೊಪ್ಪು ಕೊಯ್ಯುವ ಕುಡುಗೋಲಿನಿಂದ ಅದರ ಟೇಪು ಸೀಳಿದಳು. ಮುಚ್ಚಳ ಕಿತ್ತು, ಒಳಗಿನ ಹತ್ತಿಯನ್ನು ಹಿಂಜಿ ಎತ್ತಿ ಎಲ್ಲರಿಗೂ ತೋರಿಸಿದಳು. ಮಷೀನು ಕೊಳ್ಳಲು ಪೆಂಡಾಲಿಗೆ ಹೋಗಿದ್ದ ಹೆಂಗಸರೇ ಈಗ ಬೈಗುಳಗಳ ಸಮೇತ ಅಲ್ಲಿಗೆ ನುಗ್ಗಿದರು. ಮೌನಿಕಾ ಗ್ಲಾಸು, ಕಡ್ಡಿ ಎಲ್ಲ ಬಿಟ್ಟು ಫೋನು ಹಿಡಿದಳು.

ಸ್ವಲ್ಪ ಹೊತ್ತಿಗೆ ಹೈದರಸಾಬನ ಫೋನು ಹೊಡೆದುಕೊಂಡಿತು. ಹುಲಿಗೇಶ. ಹೈದರಸಾಬ ಸ್ಪೀಕರು ಹಾಕಿ ಫೋನನ್ನು ಮೈಕಿನ ಬಾಯಿಗೆ ಹಿಡಿದ.

"ಏನ್ ಚಾಚಾ, ತಮಾಷಿ ಹಚ್ಚೀರೇನು?" ಹುಲಿಗೇಶನ ಸಿಟ್ಟು ಕುರುಗೋಡಿನ ಬಜಾರೆಲ್ಲ ಮೊಳಗಿತು. "ಆ ದನಿ ನಾವು ರೊಕ್ಕ ಕೊಟ್ಟು ತಗೊಂಡೀವಿ. ಅದು ಕಂಪನಿದು. ಕಂಪನಿ ದನ್ಯಾಗ ಕಂಪನಿ ಮಾಲಿನ ಮ್ಯಾಲ ಮಾತಾಡಂಗಿಲ್ಲ ನೀವು. ಈಗಿಂದೀಗ ಬಾಯಿ ಮುಚ್ಚಿಲ್ಲ ಅಂದ್ರ ನಿಮ್ಮ ಮ್ಯಾಲ ಕೇಸು ಹಾಕ್ತೀನಿ!"

"ಅವನ ಗಂಟಲೂ ನಿಂದೇನೋ ಲೇ?" ಎಂದಳು ವಿರೂಪಮ್ಮ, ಫೋನಿಗೆ ಬಾಯಿ ಹತ್ತಿರ ತಂದು.

ಹೈದರಸಾಬ ಫೋನನ್ನು ತನ್ನ ಕಡೆ ಎಳೆದುಕೊಂಡ.

"ಹಾಕಪಾ ಹುಲಿಗೇಶ, ಜರೂರ ಹಾಕು. ಕೋರ್ಟಿಗೆ ನಾನೂ ಬರ್ತೀನಿ, ನಿನ್ನ ಪೆಟ್ಟಿಗಿನೂ ತಗೊಂಡು ಬಾ. ಜಡ್ಜ್ ಸಾಹೇಬ್ರು ಇಬ್ಬರಿಗೂ ಪ್ರಶ್ನಿ ಕೇಳ್ತಾರ. ಗೊತ್ತಿದ್ದದ್ದಕ್ಕ ಗೊತ್ತೈತಿ ಅಂತೀನಿ, ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅಂತೀನಿ. ನಿನ್ನ ಪೆಟ್ಟಿಗಿ ಏನಂತೈತಿ ನೋಡೂಣು."

ಆ ಕಡೆ ಫೋನು ಕಟ್ಟಾಯಿತು. ಜನ ಆಟೋವನ್ನು ಮುತ್ತಿಕೊಂಡು ಏನೇನೋ ಕೇಳತೊಡಗಿದರು, ಅವನು ಎಲ್ಲದಕ್ಕೂ ನಿಂತು ಉತ್ತರ ಕೊಟ್ಟ. ಆಮೇಲೆ ಆಟೋವನ್ನು ಸಿರುಗುಪ್ಪದ ಕಡೆ ತಿರುಗಿಸಿದ. ಅಲ್ಲಿ ಒಂದೊಂದು ಬಾಗಿಲಲ್ಲೂ ಇಳಿದು, ಮಷೀನು ಕೊಂಡವರ ಬೈಗುಳವನ್ನೂ ಕೇಳಿಸಿಕೊಂಡು, ಒಲೆಯ ಮೇಲೆ ನೀರು ಇಡಿಸುವುದಿತ್ತು.