ಮಂಚದ ನಾಲ್ಕು ಕಾಲು

ನಮ್ಮ ಬೀದಿಯ ಟೈಲರಮ್ಮನ ಅತ್ತೆ ನೀರು ಕುಡಿಯುವುದನ್ನು ಕಡಿಮೆ ಮಾಡಿಬಿಟ್ಟಿದ್ದರು. ಬಾಯಾರಿಕೆ ಇಲ್ಲ ಎಂದಲ್ಲ. ಮಂಚ ಎತ್ತರ, ಕೂತರೆ ಪಾದ ನೆಲಕ್ಕೆ ಎಟುಕುವುದಿಲ್ಲ. ಸೊಂಟ ಉಳುಕಿದ ಮೇಲಂತೂ ಬಚ್ಚಲಿಗೆಂದು ಇಳಿಯಬೇಕಾದಾಗಲೆಲ್ಲ ಸೊಸೆಯನ್ನು ಕರೆಯಬೇಕು. ಸೊಸೆ ಹೊಲಿಗೆ ಮೆಷಿನ್ ಬಿಟ್ಟು ಏಳಬೇಕು. ಪಾಪ, ಅವಳನ್ನು ಎಷ್ಟು ಸಲ ಎಬ್ಬಿಸುವುದು ಎಂದು ಆ ಹಿರಿಜೀವ ಲೋಟವನ್ನೇ ದೂರ ಇಡುತ್ತಿತ್ತು. ಇಂಥ ಪ್ರೀತಿಯನ್ನು ಏನೆಂದು ಬೈಯುವುದು ಹೇಳಿ!

ಡಾಕ್ಟರು ಗದರಿದಾಗಲೇ ಸೊಸೆಗೆ ವಿಷಯ ಗೊತ್ತಾಗಿದ್ದು. ಅಡುಗೆಮನೆಗೆ ಹೋಗಿ ಅತ್ತು ಕಣ್ಣೊರೆಸಿಕೊಂಡು ಬಂದಳು. ಮಂಚದ ಕಾಲು ಕೊಯ್ದು ಗಿಡ್ಡ ಮಾಡಿಸೋಣವೆಂದರೆ, ಇಷ್ಟು ಸಣ್ಣ ಕೆಲಸಕ್ಕೆ ಯಾವ ಬಡಗಿಯೂ ಬರಲಿಲ್ಲ. ಇವತ್ತು ನಾಳೆ ಎಂದು ಸತಾಯಿಸಿದರು.

ಪಕ್ಕದ ಮನೆಯ ಡ್ರೈವರಕ್ಕ ಬಸ್ ಓಡಿಸುವವಳು. ರಜೆ ಸಿಕ್ಕಿದರೆ ಬೀದಿ ಕೊನೆಯ ವರ್ಕ್‌ಶಾಪಿನಲ್ಲಿರುತ್ತಾಳೆ. ಅದು ಯಾರ ಅಂಗಡಿಯೂ ಅಲ್ಲ. ಮನೆ ಸಾಮಾನು ತಾವೇ ರಿಪೇರಿ ಮಾಡಿಕೊಳ್ಳಲೆಂದು ಬೀದಿಯವರೇ ಬಿಡುವಿದ್ದಾಗ ಬಂದು, ಸಂಬಳವಿಲ್ಲದೆ ನಡೆಸುವ ಜಾಗ.

"ಮಂಚದ ಕಾಲು ಬಿಚ್ಕೊಂಡು ಅಲ್ಲಿಗೆ ಬಾರೇ" ಎಂದಳು.

"ಹೋದ ವಾರ ಹೋಗಿದ್ದೆ ಅಕ್ಕ. ಬಾಗಿಲಲ್ಲಿ ನಿಂತೇ ನಿಂತೆ. ಒಬ್ಬರಾದ್ರೂ ಏನಮ್ಮ ಅಂದ್ರಾ? ಮುಖ ಸಪ್ಪೆ ಮಾಡ್ಕೊಂಡು ವಾಪಸ್ ಬಂದೆ. ಜಂಬದ ಜನ!"

ಡ್ರೈವರಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ, ಅದು ನೀನೇನಾ! ವೆಲ್ಡಿಂಗ್ ಅಣ್ಣ ನಿನ್ನನ್ನ ಬಡಗಿ ತಾತನ ಮಗಳು ಅಂದ್ಕೊಂಡ್ರಂತೆ. ತಾತ ನಿನ್ನನ್ನ ವೆಲ್ಡಿಂಗ್ ಅಣ್ಣನ ನೆಂಟರು ಅಂದ್ಕೊಂಡ್ರಂತೆ. ಅಲ್ಲಿ ಯಜಮಾನ ಅಂತ ಯಾರೂ ಇಲ್ವಲ್ಲ, ಇನ್ನೊಬ್ರು ಮಾತಾಡಿಸಿರ್ತಾರೆ ಅಂತ ಎಲ್ರೂ ಸುಮ್ನಾಗ್ತಾರೆ. ತಪ್ಪು ನಮ್ದೇ ಕಣೇ."

"ಹಾಗಂತ ನಾನು ನುಗ್ಗಬೇಕಿತ್ತಾ?"

"ಹೂಂ, ನುಗ್ಗು! 'ನಾನು ಹೊಸಬಳು, ಇವತ್ತು ನೋಡ್ಕೊಳ್ಳೋರು ಯಾರು?' ಅಂತ ಜೋರಾಗಿ ಕೇಳು. ದಿನಕ್ಕೊಬ್ರು ಹಳದಿ ಏಪ್ರನ್ ಹಾಕ್ಕೊಂಡಿರ್ತಾರೆ. ಎಲ್ಲ ತೋರಿಸಿಕೊಡೋದು ಅವರ ಕೆಲಸ."

"ಗರಗಸ ಹಿಡಿಯೋಕೂ ಬರಲ್ಲ ನಂಗೆ. ನಗ್ತಾರೆ."

"ನಗಲಿ ಬಿಡು. ನಾನು ಮೊದಲನೇ ದಿನ ಸ್ಕ್ರೂನ ಸುತ್ತಿಗೇಲಿ ಹೊಡೆದಿದ್ದೆ. ಇನ್ನೂ ನಗ್ತಾನೇ ಇದ್ದಾರೆ. ನಾನೇನು ಸವೆದು ಹೋದ್ನಾ?"

ಮರುದಿನ ಬೆಳಿಗ್ಗೆ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಇಬ್ಬರೂ ಮಂಚದ ಬೋಲ್ಟ್ ಬಿಚ್ಚಿದರು. ನಾಲ್ಕು ಕಾಲುಗಳನ್ನು ಬಟ್ಟೆ ಚೀಲಕ್ಕೆ ತುಂಬಿಕೊಂಡು ಟೈಲರಮ್ಮ ಹೊರಟಳು. ಕೊರಳಲ್ಲಿ ಟೇಪು ಹಾಗೇ ಇತ್ತು. ವರ್ಕ್‌ಶಾಪಿನ ಬಾಗಿಲು ಬಂದಾಗ ಡ್ರೈವರಕ್ಕ ಬೇಕೆಂದೇ ಹಿಂದೆ ಉಳಿದಳು.

"ನಾನು ಹೊಸಬಳು..." ಎಂದಳು ಟೈಲರಮ್ಮ. ಮೆಷಿನ್ ಸದ್ದಿನಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಅತ್ತೆ ದೂರವಿಟ್ಟ ಲೋಟ ನೆನಪಾಯಿತು. "ನಾನು ಹೊಸಬಳು! ಇವತ್ತು ನೋಡ್ಕೊಳ್ಳೋರು ಯಾರು?"

ಸದ್ದು ನಿಂತಿತು. ಹಳದಿ ಏಪ್ರನ್ ತೊಟ್ಟ ಬಡಗಿ ತಾತ ಕೈ ಒರೆಸಿಕೊಳ್ಳುತ್ತ ಬಂದರು. "ಬನ್ನಿ ತಾಯಿ. ಅವತ್ತು ನಿಂತು ಹೋದೋರು ನೀವೇ ಅಲ್ವಾ? ತಪ್ಪಾಯ್ತು, ಮನಸ್ಸಲ್ಲಿ ಇಟ್ಕೋಬೇಡಿ."

ತಾತ ಗೋಡೆ ತೋರಿಸಿದರು. ಪ್ರತಿ ಸಲಕರಣೆಯ ಆಕಾರವನ್ನು ಅಲ್ಲಿ ಬಣ್ಣದಲ್ಲಿ ಬರೆದಿದ್ದರು. ತೆಗೆದುಕೊಂಡದ್ದನ್ನು ಅದರ ಚಿತ್ರದ ಮೇಲೇ ತೂಗುಹಾಕಬೇಕು. ಕರೆಂಟಿನ ಗರಗಸವನ್ನು ಕಲಿಸಿಕೊಡುವ ತನಕ ಮುಟ್ಟುವಂತಿಲ್ಲ. "ಇನ್ನೊಂದು ಮಾತು. ಗೆರೆ ಎಳೆದ ಮೇಲೆ, ಕುಯ್ಯೋಕೆ ಮುಂಚೆ ಬೇರೆಯವರಿಗೆ ತೋರಿಸಬೇಕು. ನಾನೂ ತೋರಿಸ್ತೀನಿ."

ಟೈಲರಮ್ಮ ಅತ್ತೆಯ ಮಂಡಿಯಿಂದ ನೆಲದವರೆಗೆ ಅಳೆದು, ಹಾಸಿಗೆಯ ದಪ್ಪವನ್ನೂ ಲೆಕ್ಕಕ್ಕೆ ಹಿಡಿದು ಬಂದಿದ್ದಳು. ಅತ್ತೆಯ ತೊಂದರೆಯನ್ನೂ ಅಳತೆಯನ್ನೂ ತಾತನಿಗೆ ಹೇಳಿ, ನಾಲ್ಕೂ ಕಾಲಿಗೆ ನೀಟಾಗಿ ಗೆರೆ ಎಳೆದಳು. ತಾತ ಟೇಪು ಹಿಡಿದು ನೋಡಿದರು.

"ನೀವು ಹೇಳಿದ ಅಳತೆಗಿಂತ ಎರಡು ಬೆರಳು ಜಾಸ್ತಿ ಬಿಟ್ಟಿದ್ದೀರಲ್ಲ, ಯಾಕೆ?"

"ಅದು ಒಳಗೆ ಮಡಚಿ ಹೊಲಿಯೋಕೆ..." ಎಂದವಳೇ ನಾಲಿಗೆ ಕಚ್ಚಿಕೊಂಡಳು.

ಇಷ್ಟು ವರ್ಷ ಬಟ್ಟೆ ಕತ್ತರಿಸಿದ ಕೈ, ಮರಕ್ಕೂ ಹೊಲಿಗೆಯ ಅಂಚು ಬಿಟ್ಟಿತ್ತು! ಇಡೀ ವರ್ಕ್‌ಶಾಪು ಗೊಳ್ಳೆಂದು ನಕ್ಕಿತು. ಅವಳಿಗೆ ಅವಮಾನವಾಗಬೇಕಿತ್ತು. ಅದಕ್ಕೂ ಮುಂಚೆ ಅವಳಿಗೇ ನಗು ಬಂದುಬಿಟ್ಟಿತು.

"ನಗೋ ವಿಷಯ ಅಲ್ಲ ಕಣ್ರಪ್ಪ" ಎಂದರು ತಾತ ತಾವೂ ನಗುತ್ತ. "ಆ ಎರಡು ಬೆರಳಲ್ಲೇ ಇವರ ಅತ್ತೆ ಪಾದ ಮತ್ತೆ ನೇತಾಡ್ತಿತ್ತು. ತೋರಿಸಿದ್ದು ಒಳ್ಳೇದಾಯ್ತು." ಹೊಸ ಗೆರೆ ಎಳೆದರು. ತಾತ ಮರವನ್ನು ಅದುಮಿ ಹಿಡಿದರು, ಟೈಲರಮ್ಮ ಕೈಗರಗಸದಿಂದ ತಾನೇ ಕೊಯ್ದಳು.

ಹೊರಡುವಾಗ ಮರದ ಹೊಟ್ಟು ಗುಡಿಸಿ, ಗರಗಸವನ್ನು ಅದರ ಚಿತ್ರದ ಮೇಲೆ ತೂಗುಹಾಕಿದಳು. ಆಗ ಹಳದಿ ಏಪ್ರನ್ನಿನ ಜೇಬು ಕಿತ್ತುಹೋಗಿದ್ದು ಕಣ್ಣಿಗೆ ಬಿತ್ತು. "ಅದನ್ನ ಬಿಚ್ಚಿಕೊಡಿ ತಾತ, ಹೊಲಿದು ತರ್ತೀನಿ."

"ಮುಗೀತಲ್ಲ! ಇನ್ನು ನೀವು ಹೊಸಬರಲ್ಲ" ಎಂದರು ತಾತ.

ಸಂಜೆಯೊಳಗೆ ಮಂಚ ಮತ್ತೆ ನಿಂತಿತು. ಅತ್ತೆ ಮೆಲ್ಲಗೆ ಕೂತರು. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿದವು. ಮಂಚದ ಅಂಚು ಹಿಡಿದು ತಾವಾಗಿಯೇ ಎದ್ದರು, ಕೂತರು, ಸುಮ್ಮನೆ ಇನ್ನೊಮ್ಮೆ ಎದ್ದರು. ಆಸರೆಗೆಂದು ಚಾಚಿದ ಸೊಸೆಯ ಕೈಗೆ ಕೆಲಸವೇ ಇರಲಿಲ್ಲ.

"ಹೋಗು, ನಿನ್ನ ಮೆಷಿನ್ ನೋಡ್ಕೋ" ಎಂದರು ಅತ್ತೆ. ಮತ್ತೆ ಕರೆದರು. "ಹೋಗೋ ಮುಂಚೆ ಒಂದು ಲೋಟ ನೀರು ಕೊಡಮ್ಮ. ತುಂಬಿಸಿ ಕೊಡು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಇಂಥ ವರ್ಕ್‌ಶಾಪು ಇದ್ದರೆ ಬಾಗಿಲಿನಿಂದಲೇ ವಾಪಸ್ ಹೋಗಬೇಡಿ. ಹೊಸಬರು ಎಂದು ಗಟ್ಟಿಯಾಗಿ ಹೇಳಿ. ಗೊತ್ತಿಲ್ಲದ್ದನ್ನು ಕೇಳಿ, ಕೊಯ್ಯುವ ಮುಂಚೆ ತೋರಿಸಿ, ನಿಮಗೆ ಬರುವ ಕೆಲಸವನ್ನು ಅವರಿಗೂ ಒಂದಿಷ್ಟು ಮಾಡಿಕೊಡಿ. ಇನ್ನು ಒಳಗಿರುವ ಹಳಬರೇ, ಆಗಾಗ ತಲೆ ಎತ್ತಿ ನೋಡಿ. ಬೇರೆ ಯಾರೋ ಮಾತಾಡಿಸಿರುತ್ತಾರೆ ಎಂದು ಸುಮ್ಮನಿರಬೇಡಿ. ಬಾಗಿಲಲ್ಲಿ ನಿಂತವರ ಮನೆಯಲ್ಲಿ ಯಾರೋ ಬಾಯಾರಿಕೆ ತಡೆದುಕೊಂಡು ಕೂತಿರಬಹುದು.