ಹನ್ನೆರಡನೆಯ ಫರಸಿ

ಶಹಾಬಾದಿನಲ್ಲಿ ಮನುಷ್ಯ ಅಂಬೆಗಾಲಿಡುವುದು ಫರಸಿಯ ಮೇಲೆ, ಉಣ್ಣುವುದು ಫರಸಿಯ ಮೇಲೆ, ಮಳೆ ಬಂದರೆ ಓಡಿಹೋಗಿ ನಿಲ್ಲುವುದೂ ಫರಸಿ ಹೊದಿಸಿದ ಮಾಡಿನ ಕೆಳಗೆ. ನೆಲ, ಗೋಡೆ, ಹಿತ್ತಲಿನ ಬೇಲಿ, ಬಟ್ಟೆ ಒಗೆಯುವ ಕಲ್ಲು, ಎಲ್ಲಕ್ಕೂ ಅದೇ ಬೂದುಬಣ್ಣದ ಚಪ್ಪಡಿ. ಹೀಗಿರುವಾಗ ಸತ್ತವರಿಗೆ ಮಾತ್ರ ಬೇರೆ ಕಲ್ಲು ಎಲ್ಲಿಂದ ತರುವುದು? ಊರ ಹೊರಗೆ ಒಂದು ಹಳೆಯ ಖಣಿ ಇತ್ತು. ಕಲ್ಲು ತೆಗೆದು ಮುಗಿದ ಮೇಲೆ ಮಾಲಕರು ಕೈತೊಳೆದುಕೊಂಡು ಹೋಗಿದ್ದರು, ಆಳದ ಗುಂಡಿಯಲ್ಲಿ ನೀರು ತುಂಬಿ ನಿಂತಿತ್ತು. ಅದಕ್ಕೆ ಬೇಲಿ ಇಲ್ಲ, ಬೋರ್ಡಿಲ್ಲ. ಆ ನೀರಿಗೆ ಬಿದ್ದು ಸತ್ತವರ ಹೆಸರಿನಲ್ಲಿ ಅವರ ಮನೆಯವರು ದಂಡೆಯ ಮೇಲೆ ಒಂದೊಂದು ಫರಸಿ ನಿಲ್ಲಿಸುತ್ತಿದ್ದರು.

ಅದರ ಮೇಲೆ ಬಣ್ಣದಲ್ಲಿ ಹೆಸರು ಬರೆಯುವವನು ಖಾಜಾ. ಮೂವತ್ತು ವರ್ಷ ಕಲ್ಲಿನ ಪಾಲಿಶ್ ಮಷಿನ್ ಹಿಡಿದು, ಈಗ ಎರಡು ಮಾತಿಗೊಮ್ಮೆ ಕೆಮ್ಮುವ ಮುದುಕ. ಅವನು ಬರೆದ ಮೊದಲ ಹೆಸರು ಸ್ವಂತ ಮಗನದು. ಆಮೇಲೆ ಅವನಿದ್ದ ಮಷಿನ್ ಓಣಿಯ ಯಾರ ಮನೆಯಲ್ಲಿ ಇಂಥದ್ದಾದರೂ ಅವನ ಬಾಗಿಲಿಗೇ ಬರುತ್ತಿದ್ದರು. ಹನ್ನೆರಡನೆಯ ಫರಸಿ ಬರೆಸಲು ಬಂದವಳು ಅದೇ ಓಣಿಯ ವಕೀಲೆ ಬಸವೇಶ್ವರಿ. ಅವಳು ಹೇಳಿದ ಹೆಸರು ನೀಲಾಬಾಯಿ.

ನೀಲಾಬಾಯಿ ಅವಳ ಅಕ್ಕ. ತಂದೆತಾಯಿ ತೀರಿದ ಮೇಲೆ ಹೊಲಿಗೆ ಮಷಿನ್ ತುಳಿದು ತುಳಿದು ತಂಗಿಯನ್ನು ಕಲಬುರಗಿಯ ಲಾ ಕಾಲೇಜಿಗೆ ಕಳಿಸಿದವಳು. ತನಗೆ ಬಂದ ಸಂಬಂಧಗಳನ್ನೆಲ್ಲ "ಇಕಿ ಕರೀ ಕೋಟ್ ಹಾಕ್ಕೊಳ್ಲಿ, ಆಮ್ಯಾಲ ನೋಡೋಣು" ಎಂದು ಮುಂದಕ್ಕೆ ಹಾಕುತ್ತ ಹೋದಳು. ಒಂದು ದಿನ ಸಂಬಂಧಗಳೂ ಸುಸ್ತಾಗಿ ಬರುವುದನ್ನು ಬಿಟ್ಟವು. ತಂಗಿ ಕೋಟು ಹಾಕಿ ಚಿತ್ತಾಪುರದ ಕೋರ್ಟಿಗೆ ಹೋಗತೊಡಗಿದ ಮೇಲೂ ಆ ಕೋಟಿನ ಇಸ್ತ್ರಿ, ಕೊರಳಿನ ಬಿಳಿ ಪಟ್ಟಿಯ ಒಗೆತ ಅಕ್ಕನದೇ. ಇನ್ನೊಬ್ಬರು ಮುಟ್ಟಿದರೆ ಕೇಸು ಸೋಲುತ್ತದೆ ಎಂಬಂತೆ ಆಡುತ್ತಿದ್ದಳು.

ಓಣಿಗೆ ನಲ್ಲಿ ನೀರು ಬರುತ್ತಿದ್ದುದು ಎಂಟು ದಿನಕ್ಕೊಮ್ಮೆ. ಬಟ್ಟೆ ಒಗೆಯಲು ಹೆಂಗಸರೆಲ್ಲ ಖಣಿಗೇ ಹೋಗುತ್ತಿದ್ದರು. ಒಂದು ಭಾನುವಾರ ಬಸವೇಶ್ವರಿ ಕಾಗದಪತ್ರದಿಂದ ತಲೆ ಎತ್ತದೆ "ಅಕ್ಕಾ, ನಾಳಿಗಿ ಬಿಳೀ ಸೀರಿ ಬೇಕಲ್ಲ" ಅಂದಳು. ಅಂದದ್ದು ಅಷ್ಟೇ. ನೀಲಾಬಾಯಿ ಬುಟ್ಟಿ ಎತ್ತಿಕೊಂಡು ಹೋದಳು. ಸೀರೆ ದಂಡೆಯ ಮೇಲೆ ಒಣಗಿ ಸಿಕ್ಕಿತು. ಅಕ್ಕ ಸಿಕ್ಕಿದ್ದು ಮರುದಿನ.

ಒಂದು ತಿಂಗಳು ಬಸವೇಶ್ವರಿ ಮನೆಯಿಂದ ಹೊರಬೀಳಲಿಲ್ಲ. ಆಮೇಲೆ ಎದ್ದು, ಹನ್ನೆರಡು ಮನೆಗಳ ಕಾಗದ ಕಲೆಹಾಕಿ, ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬರೆದಳು. ಗುಂಡಿಗೆ ಬೇಲಿ ಹಾಕಬೇಕು, ಓಣಿಗೆ ದಿನಾ ನೀರು ಕೊಡಬೇಕು, ಸತ್ತವರ ಮನೆಯವರಿಗೆ ಪರಿಹಾರ ಸಿಗಬೇಕು. ಬರೆದದ್ದನ್ನು ಹಿಡಿದು ತಾನು ಹಿಂದೆ ಕೈಕೆಳಗೆ ಕೆಲಸ ಕಲಿತ ಹಿರಿಯ ವಕೀಲ ಗುರುಲಿಂಗಯ್ಯನವರಲ್ಲಿಗೆ ಹೋದಳು.

ಗುರುಲಿಂಗಯ್ಯನವರು ಸತ್ತವರ ಪಟ್ಟಿಯ ಕೊನೆಗೆ ಬಂದು ಬೆರಳಿಟ್ಟರು. "ನೀಲಾಬಾಯಿ ಅಂದ್ರ?"

"ನಮ್ಮಕ್ಕ ರೀ ಸರ್."

"ಅರ್ಜಿದಾರರು?"

"ನಾನೇ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡವ್ವ, ಇಂಥಾ ಅರ್ಜಿದಾಗ ನಂದು ಸ್ವಂತದ್ದು ಏನೂ ಇಲ್ಲ ಅಂತ ಪ್ರಮಾಣಪತ್ರ ಕೊಡಬೇಕಾಗ್ತದ. ಹ್ವಾದ ವರ್ಷ ಒಬ್ಬಂವ ಹಿಂಗೇ ಹಾಕಿದ್ದ. ಪಟ್ಟಿದಾಗ ಅವನ ಅಳಿಯನ ಹೆಸರಿತ್ತು. ಸೇಡಿನ ಕೇಸು ಅಂತ ಎದುರಿನವರು ಗದ್ದಲ ಮಾಡಿದ್ರು, ಮೊದಲನೇ ದಿನಾನೇ ಬಿದ್ದುಹೋಯ್ತು. ಬ್ಯಾರೆ ಯಾರರೆ ಸಹಿ ಮಾಡ್ಲಿ."

"ಯಾರೂ ಮಾಡಲ್ರಿ ಸರ್. ಎಲ್ಲಾರೂ ಆ ಮಾಲಕರ ಕಲ್ಲಿನ ಯಾರ್ಡಿನಾಗೇ ದುಡೀತಾರ."

"ಹಂಗಾದ್ರ ಇದ್ದದ್ದು ಇದ್ದಂಗ ಬರಿ. ಅಕ್ಕ ಸತ್ತಾಳ, ಅದಕ್ಕೇ ಬಂದೀನಿ ಅಂತ ಹೇಳು. ಉಳೀತದೋ ಬೀಳ್ತದೋ, ನ್ಯಾಯವಾಗಿ ವಾದ ಮಾಡೋಣು."

ಇದ್ದದ್ದು ಇದ್ದಂತೆ ಬರೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬಸವೇಶ್ವರಿಗೆ ಬೀಳುತ್ತದೋ ಎಂಬ ಶಬ್ದ ಒಂದೇ ಕೇಳಿಸಿತ್ತು. ಬಿದ್ದರೆ ಮತ್ತೊಬ್ಬಳು ಬುಟ್ಟಿ ಎತ್ತಿಕೊಂಡು ಹೋಗುತ್ತಾಳೆ. ವಾಪಸ್ಸು ಬರುವ ಬಸ್ಸಿನಲ್ಲಿ, ತೊಡೆಯ ಮೇಲೆ ಪಟ್ಟಿ ಇಟ್ಟುಕೊಂಡು, ಅವಳು ಅಕ್ಕನ ಹೆಸರಿನ ಮೇಲೆ ಗೆರೆ ಎಳೆದಳು. ಕೊನೆಯ ಹೆಸರೇ ಆದ್ದರಿಂದ ಕ್ರಮಾಂಕ ತಿದ್ದುವ ಕೆಲಸವೂ ಬೀಳಲಿಲ್ಲ. ಸ್ವಂತದ್ದು ಏನೂ ಇಲ್ಲ ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಿ, ಗುರುಲಿಂಗಯ್ಯನವರಿಗೆ ತಿಳಿಸದೆ ಅರ್ಜಿಯನ್ನು ತಾನೇ ಸಲ್ಲಿಸುವುದೆಂದು ನಿಶ್ಚಯಿಸಿದಳು.

ಮರುದಿನ ಓಣಿಯವರನ್ನೆಲ್ಲ ಕೂಡಿಸಿ ಹೇಳಿದಳು. "ಕೇಸ್ ಮುಗಿಯೂ ತನಕ ನಮ್ಮಕ್ಕನ ಹೆಸರು ಯಾರೂ ಎತ್ತಬ್ಯಾಡ್ರಿ. ಮಾಲಕರ ಕಡಿಯವರು ಕಿವಿ ಕೊಟ್ಟು ಕುಂತಿರ್ತಾರ. ಒಬ್ಬರು ಬಾಯಿಬಿಟ್ರೂ ಎಲ್ಲಾ ಮಣ್ಣಾಗ್ತದ."

ಓಣಿ ಒಪ್ಪಿತು. ಜಗಳವಿಲ್ಲದೆ ಒಂದು ಕೊಡ ನೀರು ಹಂಚಿಕೊಳ್ಳಲಾಗದ ಓಣಿ ಇದೊಂದನ್ನು ಮಾತ್ರ ಎಷ್ಟು ನಿಷ್ಠೆಯಿಂದ ಪಾಲಿಸಿತೆಂದರೆ, ದೇವರ ಹರಕೆಯನ್ನೂ ಅವರು ಹಾಗೆ ತೀರಿಸಿದವರಲ್ಲ. ಸಂಜೆ ಬಂದು ಕೂತು ಅಕ್ಕನನ್ನು ನೆನೆದು ಅಳುತ್ತಿದ್ದ ಹೆಂಗಸರು ಬರುವುದನ್ನು ಬಿಟ್ಟರು. ಬಂದರೆ ಬಾಯಿಗೆ ಆ ಹೆಸರೇ ಬರುತ್ತದಲ್ಲ ಎಂಬ ಭಯ. ನೀಲಾಬಾಯಿ ಅರ್ಧ ಹೊಲಿದು ಬಿಟ್ಟಿದ್ದ ಕುಪ್ಪಸ ಕೇಳಲು ಬಂದ ನೆರೆಮನೆಯ ಸೊಸೆ "ಆ ಕುಪ್ಪಸ" ಅಂದಳೇ ಹೊರತು ಯಾರು ಹೊಲಿದದ್ದು ಅನ್ನಲಿಲ್ಲ. ಬಸವೇಶ್ವರಿ ತೆಗೆದು ಕೊಟ್ಟಳು, ಬಾಗಿಲು ಹಾಕಿಕೊಂಡಳು, ಆ ದಿನ ರೊಟ್ಟಿ ಬಡಿಯಲಿಲ್ಲ.

ಎರಡನೆಯ ವರ್ಷ ಕೋರ್ಟು ಒಬ್ಬ ಕಮಿಷನರನ್ನು ನೇಮಿಸಿತು. ಜಾಗ ನೋಡಿ ವರದಿ ಕೊಡಬೇಕಾದವರು. ಅವರು ಬರುವ ದಿನ ಬೆಳಗಾಗುವ ಮೊದಲೇ ಬಸವೇಶ್ವರಿ ಖಾಜಾನ ಬಾಗಿಲು ಬಡಿದಳು.

"ಚಾಚಾ, ದಂಡಿ ಮ್ಯಾಲ ಹನ್ನೆರಡು ಫರಸಿ ಅದಾವ. ಪಟ್ಟಿದಾಗ ಹನ್ನೊಂದು ಅದಾವ."

ಖಾಜಾ ಕೆಮ್ಮುತ್ತ ಹೊರಗೆ ಬಂದ. "ಕಲ್ಲು ತಕ್ಕೊಂಡು ಹೋಗು ಬೇಟಿ. ಹೆಸರು ಅಳಸು ಅಂತ ಮಾತ್ರ ಅನ್ನಬ್ಯಾಡ. ನಾ ಬರದದ್ದು ನಾ ಅಳಸಲ್ಲ."

ಇಬ್ಬರೂ ಸೇರಿ ಫರಸಿಯನ್ನು ಅಗೆದು ತೆಗೆದು, ಕೈಗಾಡಿಯಲ್ಲಿ ಹಾಕಿ ಮನೆಗೆ ತಂದರು. ಹೊಲಿಗೆ ಮಷಿನ್ ಕೆಳಗೆ, ಅಕ್ಕನ ಪಾದ ಆಡುತ್ತಿದ್ದ ಜಾಗದಲ್ಲಿ, ಅದನ್ನು ಬೋರಲು ಮಲಗಿಸಿದರು. ಕಿತ್ತ ಜಾಗದ ಮಣ್ಣನ್ನು ಖಾಜಾ ಕಾಲಿನಿಂದ ಸಮ ಮಾಡಿ ಬಂದಿದ್ದ. ಹನ್ನೊಂದು ಗಂಟೆಗೆ ಕಮಿಷನರು ಬಂದರು, ಎಣಿಸಿದರು, ಪಟ್ಟಿ ನೋಡಿದರು.

"ಇಷ್ಟೇನಾ?" ಎಂದು ಖಾಜಾನನ್ನು ಕೇಳಿದರು.

"ಇಷ್ಟೇ ರೀ ಸಾಹೇಬ್ರ," ಎಂದ ಖಾಜಾ, ನೀರು ನೋಡುತ್ತ. ಐದು ಹೊತ್ತು ನಮಾಜು ತಪ್ಪಿಸದ ಮನುಷ್ಯ ತನಗಾಗಿ ಸುಳ್ಳು ಹೇಳಿದ್ದು ಬಸವೇಶ್ವರಿಯ ಎದೆಗೆ ಚುಚ್ಚಿತು.

ಕೊನೆಯ ವಿಚಾರಣೆಯ ದಿನ ಮಾಲಕರ ಕಡೆಯ ವಕೀಲರು ಎದ್ದು, ಈ ಅರ್ಜಿಯ ಹಿಂದೆ ಯಾವುದೋ ವೈಯಕ್ತಿಕ ದ್ವೇಷವಿದೆ ಅಂದರು. ಪುರಾವೆ ಇರಲಿಲ್ಲ, ಕತ್ತಲಲ್ಲಿ ಕಲ್ಲು ಎಸೆದು ನೋಡಿದರು ಅಷ್ಟೆ. ನ್ಯಾಯಮೂರ್ತಿಗಳು ಬಸವೇಶ್ವರಿಯ ಕಡೆ ತಿರುಗಿದರು. ವಯಸ್ಸಾದವರು, ಮೃದು ಮಾತಿನವರು.

"ನೊಂದವರು ಕೋರ್ಟಿಗೆ ಬರಬಾರದು ಅಂತ ಯಾವ ಕಾನೂನೂ ಹೇಳುವುದಿಲ್ಲ. ನಿಮ್ಮವರು ಯಾರಾದರೂ ಅಲ್ಲಿ ತೀರಿಕೊಂಡಿದ್ದರೆ ಹೇಳಿ, ಅದರಿಂದ ಅರ್ಜಿಗೆ ಧಕ್ಕೆ ಇಲ್ಲ. ಮುಚ್ಚಿಡಬಾರದು ಅಷ್ಟೇ."

ಆ ಒಂದು ಕ್ಷಣ ಬಾಗಿಲು ಪೂರ್ತಿ ತೆರೆದಿತ್ತು. ಆದರೆ ಅವಳು ಸಹಿ ಮಾಡಿದ ಪ್ರಮಾಣಪತ್ರ ಅವರ ಕೈಯಲ್ಲೇ ಇತ್ತು. ಈಗ ಹೌದು ಅಂದರೆ ಮುಚ್ಚಿಟ್ಟದ್ದೂ ಹೌದಾಗುತ್ತದೆ. ಹನ್ನೊಂದು ಮನೆಯವರು ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ಅವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ.

"ಯಾರೂ ಇಲ್ಲ, ಸ್ವಾಮಿ," ಅಂದಳು ಬಸವೇಶ್ವರಿ. ಅಕ್ಕ ಎರಡನೆಯ ಸಲ ಸತ್ತಳು, ಈ ಸಲ ತಾನೇ ನೂಕಿದೆ ಎಂದು ಅನ್ನಿಸಿತು.

ತೀರ್ಪು ಬಂತು. ಬೇಲಿ, ದಿನದ ನೀರು, ಪರಿಹಾರ, ಕೇಳಿದ್ದೆಲ್ಲ ಸಿಕ್ಕಿತು. ದಂಡೆಯ ಕಲ್ಲುಗಳಿಗೆ ಹೂ ಏರಿಸಲು ಜನ ಬರುತ್ತಲೇ ಇದ್ದರೆ ಮತ್ತೆ ಅನಾಹುತವಾದೀತು ಎಂದು ಎದುರಿನ ವಕೀಲರು ಅಂದಾಗ, ಅರ್ಜಿಯ ಪಟ್ಟಿಯಲ್ಲಿರುವವರ ಮನೆಯವರಿಗೆ ಮಾತ್ರ, ಸತ್ತ ದಿನದಂದು ಮಾತ್ರ ಒಳಗೆ ಬಿಡಬಹುದು ಎಂದಾಯಿತು. ಒಪ್ಪಿಗೆಯೇ ಎಂದು ನ್ಯಾಯಮೂರ್ತಿಗಳು ಕೇಳಿದರು. ಗೆದ್ದ ಸಂಭ್ರಮದ ಗಡಿಬಿಡಿಯಲ್ಲಿ ಬಸವೇಶ್ವರಿ "ಒಪ್ಪಿಗೆ" ಅಂದುಬಿಟ್ಟಳು.

ಪತ್ರಿಕೆಯವರು ನಿಸ್ವಾರ್ಥ ವಕೀಲೆ ಎಂದು ಫೋಟೋ ಹಾಕಿದರು. ಓಣಿಯಲ್ಲಿ ಹೊಸ ನಲ್ಲಿಗಳು ಬಂದವು. ಬೆಳಿಗ್ಗೆ ಕೊಡಗಳ ಸದ್ದು, ನಗು, ಹಳೆಯ ಜಗಳಗಳು. ಬಸವೇಶ್ವರಿ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ಕೇಸು ಮುಗಿಯಿತಲ್ಲ, ಇನ್ನು ಯಾರಾದರೂ ಬಂದು "ನೀಲಕ್ಕ ಇದ್ದಿದ್ರ ಎಷ್ಟು ಖುಷಿಪಡ್ತಿದ್ಳು" ಅನ್ನುತ್ತಾರೆ ಎಂದು. ಯಾರೂ ಅನ್ನಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ಮೂರು ವರ್ಷ ಕಚ್ಚಿ ಹಿಡಿದ ನಾಲಿಗೆಗೆ ಆ ಹೆಸರಿನ ದಾರಿಯೇ ಮರೆತುಹೋಗಿತ್ತು. ನೆರೆಮನೆಯ ಸೊಸೆ ಆ ಕುಪ್ಪಸವನ್ನೇ ತೊಟ್ಟುಕೊಂಡು ನೀರು ಹಿಡಿಯುತ್ತಿದ್ದಳು. "ಛಲೋ ಆಯ್ತು ನೋಡ್ರಿ ಮೇಡಂ" ಅಂದಳು, ಕೊಡ ಎತ್ತಿಕೊಂಡು ಹೋದಳು. ನೆನಪಿಸಿಕೊಡಬಹುದಾಗಿದ್ದವನು ಖಾಜಾ ಒಬ್ಬನೇ. ಅವನು ಕೆಮ್ಮು ಹೆಚ್ಚಾಗಿ ವಾಡಿಯಲ್ಲಿರುವ ಮಗಳ ಮನೆ ಸೇರಿದ್ದ. ಬಸವೇಶ್ವರಿಗೆ ಎಲ್ಲರ ಮೇಲೂ ಸಿಟ್ಟು ಬರುತ್ತಿತ್ತು. ಸುಮ್ಮನಿರಿ ಎಂದು ಕೈಮುಗಿದು ಕೇಳಿಕೊಂಡವಳು ತಾನೇ ಎಂದು ನೆನಪಾಗಿ, ಆ ಸಿಟ್ಟನ್ನು ಎಲ್ಲಿ ಇಡುವುದೆಂದು ತಿಳಿಯುತ್ತಿರಲಿಲ್ಲ.

ಅಕ್ಕ ಸತ್ತ ದಿನ ಬಂತು. ಬಸವೇಶ್ವರಿ ಫರಸಿಯನ್ನು ಅಂಗಾತ ಮಾಡಿ ಒರೆಸಿದಳು. ಖಾಜಾನ ಅಕ್ಷರ ಒಂದೂ ಮಾಸಿರಲಿಲ್ಲ. ಗೂಡ್ಸ್ ಆಟೋದವನ ಕೈಯಿಂದ ಅದನ್ನು ಖಣಿಯ ಗೇಟಿನವರೆಗೆ ಸಾಗಿಸಿದಳು. ಕಲ್ಲು ಇಳಿಸಿ ಆಟೋ ಹೋಯಿತು. ಎತ್ತರದ ತಂತಿ ಬೇಲಿ, ಬೀಗ, ಬೀಗದ ಪಕ್ಕ ಕುರ್ಚಿ ಹಾಕಿ ಕೂತ ಕಾವಲುಗಾರ. ಚಿಂಚೋಳಿ ಕಡೆಯಿಂದ ಹೊಸದಾಗಿ ಬಂದವನು, ಎದೆಯ ಬಿಲ್ಲೆಯ ಮೇಲೆ ಅಂಬರೇಶ ಎಂದಿತ್ತು.

"ಒಳಗ ಬಿಡಲ್ರಿ ಅಕ್ಕೋರ. ಹೈಕೋರ್ಟ್ ಆರ್ಡರ್ ಅದ."

"ಗೊತ್ತದಪ್ಪ. ಇವತ್ತು ನಮ್ಮವರ ದಿನ ಅದ. ಈ ಕಲ್ಲು ನಿಲ್ಲಸಿ ಬರ್ತೀನಿ."

"ಹಂಗೇನ್ರಿ? ಮೊದಲೇ ಹೇಳಬಾರದಾ? ಕುಂದ್ರಿ, ಕುಂದ್ರಿ." ಅವನು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ಕಾಗದ ಹೊರತೆಗೆದ. ಬಸವೇಶ್ವರಿ ದೂರದಿಂದಲೇ ಗುರುತಿಸಿದಳು. ತಾನೇ ಟೈಪ್ ಮಾಡಿಸಿದ ಪಟ್ಟಿ.

"ಹೆಸರು ಹೇಳ್ರಿ."

ಮೂರು ವರ್ಷದಲ್ಲಿ ಯಾರೂ ಅವಳಲ್ಲಿ ಈ ಹೆಸರನ್ನು ಕೇಳಿರಲಿಲ್ಲ.

"ನೀಲಾಬಾಯಿ," ಅಂದಳು ಕೊನೆಗೆ.

ಅಂಬರೇಶ ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದ. ಹನ್ನೊಂದಕ್ಕೆ ಬಂದು ನಿಂತ. ತಲೆ ಕೆರೆದುಕೊಂಡ. "ಇದರಾಗ ಕಾಣವಲ್ದಲ್ರಿ. ನೀವು ಕೇಸ್ ಹಾಕಿದ ವಕೀಲ ಮೇಡಂಗ ಹೋಗಿ ಕೇಳ್ರಿ. ಪಟ್ಟಿ ಮಾಡ್ದಾಕಿ ಆಕೀನೇ ಅಂತ. ಭಾಳ ಛಲೋ ಹೆಣ್ಮಗಳು ಅಂತಾರ, ಬರಕೊಡ್ತಾಳ."

"ಆಕಿ ಬರಕೊಡಲ್ಲ," ಅಂದಳು ಬಸವೇಶ್ವರಿ.

ಅಂಬರೇಶ ಪಟ್ಟಿಯಿಂದ ತಲೆ ಎತ್ತಿದ. ಕಲ್ಲನ್ನು ನೋಡಿದ, ಅದರ ಮೇಲಿನ ಅಕ್ಷರ ನೋಡಿದ. "ನಿಮಗೇನಾಗಬೇಕ್ರಿ ಇವರು?"

"ನಮ್ಮಕ್ಕ." ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿ ಬಂತು. "ನನ್ನ ಸೀರಿ ಒಗೀಲಿಕ್ಕೆ ಬಂದಿದ್ಳು."

ಬೇಲಿಯಾಚೆ ಹನ್ನೊಂದು ಫರಸಿಗಳು ಬಿಸಿಲಿಗೆ ನಿಂತಿದ್ದವು. ಸಾಲಿನ ಕೊನೆಗೆ, ಖಾಜಾ ಕಾಲಿನಿಂದ ಸಮ ಮಾಡಿದ ಜಾಗದಲ್ಲಿ ಹುಲ್ಲು ಬೆಳೆದಿತ್ತು. ಗೇಟಿನಿಂದ ನಲವತ್ತು ಹೆಜ್ಜೆಯೂ ಇರಲಿಲ್ಲ.

"ನನ್ನ ಕಡಿಂದೇನರೆ ತಪ್ಪಿರಬೇಕ್ರಿ," ಎಂದ ಅಂಬರೇಶ. ಪಾಪ, ಬೇರೆ ಏನೂ ತೋಚದೆ ಪಟ್ಟಿಯನ್ನು ಬೆಳಕಿಗೆ ಹಿಡಿದು ಮತ್ತೆ ಮೊದಲಿನಿಂದ ಓದತೊಡಗಿದ. "ನಿಧಾನ ನೋಡ್ತೀನಿ, ನಿಂದ್ರಿ. ಇನ್ನೊಮ್ಮೆ ಹೇಳ್ರಿ, ಏನಂದ್ರಿ ಹೆಸರು?"

ಆ ಪಟ್ಟಿಯಲ್ಲಿ ಅದು ಇಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೂ ಬಸವೇಶ್ವರಿ ಕುರ್ಚಿಯಿಂದ ಎದ್ದು, ಬೇಲಿಯ ತಂತಿ ಹಿಡಿದು ನಿಂತು, ನೀರಿನವರೆಗೂ ಕೇಳುವಂತೆ ಅಕ್ಕನ ಹೆಸರನ್ನು ಇನ್ನೊಮ್ಮೆ ಹೇಳಿದಳು.